ರೆಫರಿಗೊಂದು ಕಟಿಂಗು

ಎಡಗೆನ್ನೆಯ ಗಡ್ಡ ಇಳಿಯುತ್ತಿದ್ದಂತೆ ಕಟಿಂಗ್ ಅಂಗಡಿಯವನ ಕತ್ತಿ ನಿಂತುಬಿಟ್ಟಿತು. ಕನ್ನಡಿಯಲ್ಲಿದ್ದದ್ದು ಆ ಮುಖವೇ. ಹೋದ ತಿಂಗಳು ನೀಲಿ ತಂಡಕ್ಕೆ ಸಿಗಬೇಕಿದ್ದ ಪೆನಾಲ್ಟಿಯನ್ನು ನುಂಗಿ ನೀರು ಕುಡಿದ ರೆಫರಿ! ಅಂದಿನಿಂದ ಬೀದಿಗೆ ಬೀದಿಯೇ ಹೇಳುತ್ತಿದ್ದುದು ಒಂದೇ ಮಾತು: ಫುಟ್‌ಬಾಲ್ ಲೀಗಿನವರಿಗೆ ನಮ್ಮ ತಂಡವನ್ನು ಕಂಡರಾಗುವುದಿಲ್ಲ. ನಾಳೆ ಕೊನೆಯ ಪಂದ್ಯ. ಸೋತರೆ ನೀಲಿ ತಂಡ ಲೀಗಿನಿಂದಲೇ ಹೊರಗೆ. ನಾಳೆಯ ಸೀಟಿಯೂ ಇದೇ ಮಹಾನುಭಾವನ ಬಾಯಲ್ಲಿ.

ಬೆಂಚಿನ ಮೇಲೆ ಪೇಪರು ಓದುತ್ತಿದ್ದ ರಿಟೈರ್ಡ್ ಮೇಷ್ಟ್ರು ಕನ್ನಡಕ ಏರಿಸಿದರು. ಪಕ್ಕದ ಇಸ್ತ್ರಿ ಅಂಗಡಿಯವನಿಗೆ ಹೇಗೆ ವಾಸನೆ ಹತ್ತಿತೋ, ಕೈಯಲ್ಲಿದ್ದ ಅಂಗಿಯ ಸಮೇತ ಓಡಿಬಂದ.

"ಹಿಂಗೇ ಅರ್ಧ ಗಡ್ಡದಲ್ಲಿ ಕಳ್ಸಣ್ಣ ಇವನ್ನ! ನಾಳೆ ಇಡೀ ಸ್ಟೇಡಿಯಂ ನೋಡ್ಲಿ."

"ನನ್ನ ಕುರ್ಚಿಯಿಂದ ಅರ್ಧಕ್ಕೆ ಯಾರೂ ಎದ್ದಿಲ್ಲ," ಎಂದ ಕಟಿಂಗಿನವನು. ಅಪ್ಪನ ಕಾಲದಿಂದ ಬಂದ ಮರ್ಯಾದೆ ಅದು. ಶತ್ರುವಾದರೂ ಎರಡು ಕೆನ್ನೆ ಒಂದೇ ಆಗಬೇಕು. ಬಲಗೆನ್ನೆಯನ್ನೂ ನುಣ್ಣಗೆ ಮಾಡಿ, ಕತ್ತಿ ಕೆಳಗಿಟ್ಟು ಕೇಳಿದ: "ಈಗ ಹೇಳಿ ಸಾರ್. ನಮ್ಮ ಮೇಲೆ ಯಾಕಿಷ್ಟು ದ್ವೇಷ?"

ರೆಫರಿಯ ಕಣ್ಣು ತುಂಬಿತು. "ದ್ವೇಷಾನಾ? ನಾನು ಹುಟ್ಟಿದಾಗಿಂದ ನೀಲಿಯವನೇ ಕಣ್ರೀ! ನಮ್ಮ ಹುಡುಗರು ಬಿದ್ರೆ ನನ್ನೆದೆ ಹೊಡ್ಕೊಳ್ಳುತ್ತೆ. ಆಗ ಅನುಮಾನ ಬರುತ್ತೆ, ಇದು ಫೌಲೋ, ಇಲ್ಲಾ ನನ್ನ ಪ್ರೀತಿನೋ ಅಂತ. ಪಕ್ಷಪಾತ ಆಗ್ಬಾರ್ದು ನೋಡಿ, ಸೀಟಿ ಊದೋದೇ ಇಲ್ಲ. ಆಮೇಲೆ ಮನೆಗೆ ಹೋಗಿ ಅಳ್ತೀನಿ. ಮುಖ ತೋರ್ಸೋಕಾಗ್ದೆ ಗಡ್ಡ ಬಿಟ್ಟಿದ್ದೆ."

ಪೆನಾಲ್ಟಿ ಬೇಕಂತಲೇ ಕೊಟ್ಟಿಲ್ಲ ಎಂಬ ಇಷ್ಟು ದಿನದ ಅನುಮಾನ ನಿಜವಾಗಿತ್ತು, ಆದರೆ ಸಂತೋಷಪಡುವಂತಿರಲಿಲ್ಲ. ಹಗೆಯವನಾದರೆ ಬೈಯಬಹುದಿತ್ತು, ನಮ್ಮವನನ್ನೇ ಏನು ಮಾಡುವುದು? ಕಟಿಂಗಿನವನಿಗೆ ಅಯ್ಯೋ ಪಾಪ ಅನ್ನಿಸಿತು. ಮೇಷ್ಟ್ರು ತಲೆ ತಗ್ಗಿಸಿದರು. ತಮ್ಮ ಕ್ಲಾಸಿನಲ್ಲೇ ಓದಿದ ಮಗಳಿಗೆ ಅವರು ಒಂದು ಸಲವೂ ಪೂರ್ತಿ ಮಾರ್ಕು ಕೊಟ್ಟವರಲ್ಲ.

ಆಮೇಲೆ ಕಟಿಂಗಿನವನನ್ನು ಬಾಗಿಲಿಗೆ ಕರೆದು ಪಿಸುಗುಟ್ಟಿದರು: "ಇವನ ಪ್ರೀತಿ ಬಿಡಿಸ್ಬೇಕಪ್ಪ. ಇಲ್ದಿದ್ರೆ ನಾಳೆ ನಮ್ಮ ಕತೆ ಮುಗೀತು. ತಲೆ ಇನ್ನೂ ಬಾಕಿ ಇದೆ ಅಲ್ವಾ?"

"ಕೆಡಿಸು ಅಂತೀರಾ ಮೇಷ್ಟ್ರೇ?"

"ನಮ್ಮನ್ನ ನೆನೆಸ್ಕೊಂಡ್ರೆ ಮೈ ಉರೀಬೇಕು ಅವನಿಗೆ. ಕೋಪಕ್ಕೆ ಅನ್ಯಾಯ ಮಾಡ್ಬಾರ್ದು ಅಂತ ನಮ್ಮ ಕಡೆಗೇ ಊದ್ತಾನೆ, ನೋಡ್ತಾ ಇರು."

ಕಟಿಂಗಿನವನು ವಾಪಸು ಬಂದು ಕತ್ತರಿ ಹಿಡಿದ. ಕಿವಿಯ ಮೇಲೊಂದು ಹಳ್ಳ, ನೆತ್ತಿಯಲ್ಲೊಂದು ದಿಬ್ಬ, ಹಿಂದೆ ಇಲಿ ಕಡಿದ ಹಾಗೆ. ಅಪ್ಪ ಇದ್ದಿದ್ದರೆ ಅಂಗಡಿಯಿಂದ ಆಚೆ ಹಾಕುತ್ತಿದ್ದರು. ಆದರೂ ಒರಟಾಗಿ ಬಟ್ಟೆ ಕೊಡವಿದ. "ಆಯ್ತು, ಏಳಿ. ನಿಮ್ಮ ಯೋಗ್ಯತೆಗೆ ಇದೇ ಜಾಸ್ತಿ."

ರೆಫರಿ ಕನ್ನಡಿಯನ್ನು ಬಹಳ ಹೊತ್ತು ನೋಡಿದ. ಮೂವರೂ ಬೈಗುಳಕ್ಕೆ ಕಾದರು. ಅವನು ಎದ್ದು ಬಂದು ಕಟಿಂಗಿನವನನ್ನು ತಬ್ಬಿಕೊಂಡ.

"ಬಾಗಿಲ ಹತ್ರ ನೀವು ಮಾತಾಡಿದ್ದು ಕೇಳಿಸ್ತು. ತಂಡಕ್ಕೋಸ್ಕರ ಕಸುಬನ್ನೇ ಕೆಡಿಸ್ಕೊಂಡ್ರಲ್ಲ ಅಣ್ಣ! ಇಂಥ ಅಭಿಮಾನಿಗಳು ಬೇರೆ ಯಾರಿಗಿದಾರೆ? ನಿಮ್ಮ ಮುಂದೆ ನನ್ನ ಪ್ರೀತಿ ಏನೇನೂ ಅಲ್ಲ." ಕಣ್ಣೊರೆಸಿಕೊಂಡು ಟೋಪಿ ಹಾಕಿಕೊಂಡ. "ನಾಳೆ ನಮ್ಮ ಹುಡುಗರಿಗೆ ಸೀಟಿ ಊದೋ ಮುಂಚೆ ನಾನು ಎರಡು ಪಟ್ಟು ಹುಷಾರಾಗಿರ್ಬೇಕು."