ಉಳಿದುಹೋದ ಸ್ಕ್ರೂ

ಗ್ಯಾರೇಜಿನಲ್ಲಿ ಮುದ್ದೆ ಯಂತ್ರದ ಜೋಡಣೆ ಮುಗಿದಾಗ ಹಯವದನನ ಅಂಗೈಯಲ್ಲಿ ಒಂದು ಸ್ಕ್ರೂ ಉಳಿದಿತ್ತು.

"ಎಕ್ಸ್‌ಟ್ರಾ ಇರುತ್ತೆ ಬಿಡಿ ಸಾರ್. ನಮ್ಮನೆ ಮಂಚದಲ್ಲೂ ನಾಲ್ಕು ಉಳಿದಿತ್ತು," ಎಂದರು ಪಕ್ಕದ ಮನೆಯ ಶ್ರೀಕಾಂತ್. ಆ ಮಂಚ ಮುರಿದುಬಿದ್ದದ್ದು ಲೊಂಬಾರ್ಡ್ ಊರಿನ ಕನ್ನಡಿಗರಿಗೆಲ್ಲ ಗೊತ್ತು.

ಸ್ಕ್ರೂವಿನ ಜಾಗ ಹುಡುಕಲು ಪುರಸೊತ್ತಿರಲಿಲ್ಲ. ಐದು ಗಂಟೆ ದಾರಿಯ ಕ್ಯಾಂಟನ್ನಿನಲ್ಲಿ ಎರಡು ಇಂಡಿಯನ್ ಸ್ಟೋರ್ ಇಟ್ಟಿರುವ ನೀಲಗಂಗಾ ಇಲ್ಲೇ ಹತ್ತಿರದ ಲೆಮಾಂಟ್ ದೇವಸ್ಥಾನಕ್ಕೆ ಬಂದಿದ್ದರು. ಹನ್ನೊಂದಕ್ಕೆ ಯಂತ್ರ ನೋಡಲು ಬರುವವರಿದ್ದರು. ಪಾಲುದಾರ ಗುರುಶಾಂತಪ್ಪ ಧಾರವಾಡದ ಗುರುತು ಹೇಳಿ ಒಪ್ಪಿಸಿದ್ದ. ಹೆಂಡತಿ ಪದ್ಮಜಾ ಮಾತ್ರ ಅರ್ಧ ದಿನದ ಕೆಲಸಕ್ಕೆ ಹೊರಡುವಾಗಲೇ ತೀರ್ಪು ಕೊಟ್ಟಿದ್ದಳು: "ಇವತ್ತು ಆರ್ಡರ್ ಬಂದ್ರೆ ಸರಿ. ಇಲ್ದಿದ್ರೆ ಸ್ನೋ ಬೀಳೋಕ್ ಮುಂಚೆ ಗ್ಯಾರೇಜ್ ನನ್ನ ಕಾರಿಗೆ!"

ಹಯವದನ ಜಗ್ಗುವ ಆಸಾಮಿಯಲ್ಲ. "ಜಪಾನಲ್ಲಿ ಅಷ್ಟು ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿ ಕಟ್ಟಿದ್ರಲ್ಲ ಇಬ್ರು ಪಾರ್ಟ್ನರ್ಸು, ಅವರ ಮೊದಲನೇ ರೈಸ್ ಕುಕ್ಕರ್ ಅನ್ನಾನೇ ನೆಟ್ಟಗೆ ಮಾಡ್ಲಿಲ್ಲ. ಎದೆಗುಂದಿದ್ರಾ?" ಎರಡು ವರ್ಷದಿಂದ ಇದನ್ನೇ ಕೇಳಿ ಪದ್ಮಜಾಗೆ ಆ ಇಬ್ಬರ ಮೇಲೆ ಸವತಿಯರ ಮೇಲಿನಷ್ಟು ಸಿಟ್ಟು.

ಗುರುಶಾಂತಪ್ಪನ ಜೊತೆ ನೀಲಗಂಗಾ ಬಂದರು. ಹಯವದನ ರಾಗಿಹಿಟ್ಟು, ನೀರು ಸುರಿದು ಗುಂಡಿ ಒತ್ತಿದ. ಯಂತ್ರ ಗುರ್ರೆಂದು ಕಲಸಿತು, ಬೇಯಿಸಿತು. ಆಮೇಲೆ ಮುಚ್ಚಳ ಮುದ್ದೆಯ ನೆತ್ತಿ ಸವರುವ ಬದಲು ದಡಾರನೆ ತಳದವರೆಗೂ ಇಳಿಯಿತು. ಹೊರಬಂದದ್ದು ಹಪ್ಪಳದಂಥ ಚಪ್ಪಟೆ ಬಿಲ್ಲೆ!

"ಉಪ್ಪು ಕಮ್ಮಿ ಆಯ್ತೇನೋ," ಎಂದು ಶ್ರೀಕಾಂತ್ ಬೇರೆ. ಹಯವದನನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮುಖ ತೋರಿಸಲಾರದೆ, ಟೂಲ್‌ಬಾಕ್ಸ್ ತರುವ ನೆಪದಲ್ಲಿ ಬೇಸ್‌ಮೆಂಟಿಗೆ ಓಡಿದ.

ಮೇಲೆ ಬಂದಾಗ ಗ್ಯಾರೇಜಿನಲ್ಲಿ ಶ್ರೀಕಾಂತ್ ಒಬ್ಬರೇ ಬಿಲ್ಲೆ ಮೆಲ್ಲುತ್ತಿದ್ದರು. "ಇಬ್ರೂ ಕಾರ್ ಹತ್ತಿ ಹೋದ್ರು ಸಾರ್. ಅರ್ಧ ಗಂಟೇಲಿ ವಾಪಸ್ ಬರ್ತಾರಂತೆ."

ಪಾಪ, ಗುರುಶಾಂತಪ್ಪ ಕೈಕಾಲು ಹಿಡಿದು ಇನ್ನೊಂದು ಅವಕಾಶ ಕೇಳಿರಬೇಕು! ಹಯವದನ ತೋಳೇರಿಸಿದ. ಸ್ಕ್ರೂವಿನ ಜಾಗ ಸಿಕ್ಕೇಬಿಟ್ಟಿತು, ಮುಚ್ಚಳವನ್ನು ಅರ್ಧಕ್ಕೆ ತಡೆಯುವ ಕಡೆ. ತಿರುಗಿಸಿ ಬಿಗಿದ. ಇನ್ನು ಏಳೇಳು ಜನ್ಮಕ್ಕೂ ಕಳಚಬಾರದೆಂದು ಮೇಲೆ ಲೋಹದ ಅಂಟು ಸುರಿದ. ಐದೇ ನಿಮಿಷದಲ್ಲಿ ಕಲ್ಲಾಯಿತು.

ಹೋದವರು ಹಿಟ್ಟಿನ ಚೀಲದೊಡನೆ ಮರಳಿದರು. ನೀಲಗಂಗಾರ ಮುಖ ಅರಳಿತ್ತು.

"ಎಂಥಾ ತೆಳ್ಳನ ರೊಟ್ಟಿರೀ ಅದು! ರೊಟ್ಟಿ ಬಡದು ಬಡದು ನಮ್ಮ ಮಂದಿ ಕೈ ಸೋತಾವ. ಜ್ವಾಳದ ಹಿಟ್ಟಿಲೆನೂ ಹಂಗ ಬಂತಂದ್ರ ಇನ್ನೂರು ಮಷೀನ್ ನನಗ ಬೇಕು."

"ಮೇಡಂ, ಒಂದ್ನಿಮಿಷ..." ಹಯವದನ ಬಾಯಿ ತೆರೆಯುವಷ್ಟರಲ್ಲಿ ಗುರುಶಾಂತಪ್ಪ ಹಿಟ್ಟು ಸುರಿದು ಗುಂಡಿ ಒತ್ತಿಯಾಗಿತ್ತು.

ಲಕ್ಷಣವಾದ ದುಂಡು ಮುದ್ದೆಯೊಂದು ಉರುಳಿ ಬಂತು.

"ಇದೇನ್ರೀ? ರೊಟ್ಟಿ ಎಲ್ಲೈತಿ?"

ಹಯವದನ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ, ಇಕ್ಕಳದಿಂದ ಎಳೆದ, ಸುತ್ತಿಗೆಯಿಂದ ಬಡಿದ. ಸ್ಕ್ರೂ ಅಲುಗಲಿಲ್ಲ. ನೀಲಗಂಗಾ ಗಡಿಯಾರ ನೋಡಿಕೊಂಡರು. "ಐದು ತಾಸು ಡ್ರೈವ್ ಐತ್ರೀ ನನಗ. ಮುದ್ದಿ ನಮ್ಮ ಮಂದಿ ಯಾರು ತಿಂತಾರ? ಬರ್ತೀನ್ರಿ."

ಕಾರು ತಿರುವಿನಲ್ಲಿ ಮರೆಯಾಯಿತು. ಗುರುಶಾಂತಪ್ಪ ತಲೆ ಮೇಲೆ ಕೈಹೊತ್ತು ಕುಸಿದ. "ಲೇ ಹಯಾ, ಜಪಾನದ ಆ ಇಬ್ರೂ ಕೆಟ್ಟ ಕುಕ್ಕರ್ ರಿಪೇರಿ ಮಾಡ್ಕೋತ ಕೂಡಲಿಲ್ಲಲೇ! ಅದನ್ನ ಬಿಟ್ಟು ಬ್ಯಾರೆ ಸಾಮಾನು ಮಾಡಿದ್ರು!"

ಅಷ್ಟರಲ್ಲಿ ಹಾರ್ನ್ ಕೇಳಿಸಿತು. ಪದ್ಮಜಾ ಕಾರಿನ ಕಿಟಕಿ ಇಳಿಸಿ ಇಣುಕಿದಳು. "ಅಬ್ಬ, ಎಷ್ಟು ದುಂಡಗೆ ಬಂದಿದೆ ರೀ! ಕೊನೆಗೂ ಸರಿಹೋಯ್ತಾ? ಎಷ್ಟು ಆರ್ಡರ್ ಬಂತು?"

ಹಯವದನ ಯಂತ್ರವನ್ನು ತಬ್ಬಿ ಎತ್ತಿಕೊಂಡು ಗೋಡೆಗೆ ಸರಿದು, ಕಾರಿಗೆ ದಾರಿ ಬಿಟ್ಟ.