ಒಂದು ಶುಕ್ರವಾರ, ಮೂರು ಕ್ರಿಸ್‌ಮಸ್ ಸಂತೆ

ಆರಿಸಿಕೊಳ್ಳುವ ಕೆಲಸವನ್ನು ದೇವರು ನನಗೆ ಕೊಡಬಾರದಿತ್ತು. ಹೋಟೆಲಿನಲ್ಲಿ ಮೆನು ಕಾರ್ಡನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಮಾಣಿಯನ್ನು ಎರಡು ಸಲ ವಾಪಸ್ ಕಳಿಸಿ, ಕೊನೆಗೆ ಮಸಾಲೆ ದೋಸೆ ಎನ್ನುವವನು ನಾನು. ಹೆಣ್ಣು ನೋಡಲು ಹೋದಾಗಲೂ ಹೀಗೇ ಆಗುತ್ತಿತ್ತೋ ಏನೋ. ಪುಣ್ಯಕ್ಕೆ ಆ ಸಲ ಆರಿಸಿದವಳು ಸುಮಾ. ಅವಳು ಐದು ನಿಮಿಷದಲ್ಲಿ ನಿರ್ಧಾರ ಮಾಡಿದಳಂತೆ. ಆ ಐದು ನಿಮಿಷದ ಬಗ್ಗೆ ಈಗ ಅವಳ ಅಭಿಪ್ರಾಯವೇನು ಎಂದು ಕೇಳುವ ಧೈರ್ಯವನ್ನು ನಾನಿನ್ನೂ ಮಾಡಿಲ್ಲ.

ಇಂಥ ನನಗೆ ಕುವೈತಿನ ಡಿಸೆಂಬರ್ ಎಂದರೆ ಪರೀಕ್ಷೆಯ ತಿಂಗಳು. ಹಾಗೆ ನೋಡಿದರೆ ವರ್ಷದಲ್ಲಿ ಮನುಷ್ಯರಂತೆ ಬದುಕಬಹುದಾದ ತಿಂಗಳೂ ಅದೇ. ನಾನು ಅರ್ದಿಯಾದ ಒಂದು ಏಸಿ ಕಂಪನಿಯಲ್ಲಿ ಇಂಜಿನಿಯರ್. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಊರೆಲ್ಲ ನನ್ನನ್ನು ಹುಡುಕುತ್ತದೆ, ಡಿಸೆಂಬರಿನಲ್ಲಿ ನಾನಿದ್ದೇನೆಂದೇ ಮರೆಯುತ್ತದೆ. ಆ ಬಿಡುವಿನಲ್ಲಿ ಕ್ರಿಸ್‌ಮಸ್ ಸಂತೆಗಳ ಕರೆಗಳು ಒಂದರ ಹಿಂದೆ ಒಂದು ಬರತೊಡಗುತ್ತವೆ. ರಸ್ತೆಯಲ್ಲಿ ಬೋರ್ಡಿಲ್ಲ, ಮೈಕಿಲ್ಲ. ಯಾರದೋ ವಿಲ್ಲಾದ ಅಂಗಳ, ಯಾವುದೋ ಹಾಲ್. ವಿಳಾಸ ವಾಟ್ಸಾಪಿನಲ್ಲಿ ಬರುತ್ತದೆ. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ನಾನು ಕ್ರಿಸ್‌ಮಸ್ ಕಂಡದ್ದು ಕ್ಯಾಲೆಂಡರಿನ ಕೆಂಪು ಅಂಕಿಯಲ್ಲಿ ಮಾತ್ರ. ಕುವೈತಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಸಂಕ್ರಾಂತಿಗಿಂತ ಹೆಚ್ಚು ಓಡಾಟ ಕ್ರಿಸ್‌ಮಸ್ಸಿಗೇ ಆಗಿಬಿಟ್ಟಿದೆ.

ಇದಕ್ಕೆ ಕಾರಣ ನಮ್ಮ ಎದುರು ಫ್ಲ್ಯಾಟಿನ ಸೆಲಿನ್ ಬಾಯಿ. ಉಡುಪಿ ಕಡೆಯವರು, ಮನೆಮಾತು ಕೊಂಕಣಿ, ಆಸ್ಪತ್ರೆಯಲ್ಲಿ ನರ್ಸ್. ಹದಿನಾಲ್ಕು ವರ್ಷದ ಹಿಂದೆ ಮಗಳು ನಿಧಿ ಹುಟ್ಟಿದಾಗ ನಮ್ಮ ಅತ್ತೆಗೆ ವೀಸಾ ಸಿಗಲಿಲ್ಲ. ಬಾಣಂತನ ಮಾಡುವವರಿಲ್ಲ, ನಾನೋ, ಮಗುವನ್ನು ಎತ್ತಿಕೊಳ್ಳುವ ಮುಂಚೆ ಅದರ ಯಾವ ಭಾಗ ಮೇಲೆ ಬರಬೇಕೆಂದು ಯೋಚಿಸುವ ಆಸಾಮಿ. ಸೆಲಿನ್ ಬಾಯಿ ಡ್ಯೂಟಿ ಮುಗಿಸಿ ಬಂದವರು ಯೂನಿಫಾರ್ಮ್ ಬದಲಿಸಿ ಸೀದಾ ನಮ್ಮ ಬಚ್ಚಲುಮನೆಗೆ ಬರುತ್ತಿದ್ದರು. ಎಣ್ಣೆ ಹಚ್ಚಿ ಮಗುವಿಗೆ ನೀರೆರೆದು, ಸುಮಾಳಿಗೆ ಮೆಣಸಿನ ಸಾರು ಮಾಡಿಟ್ಟು, ನನ್ನ ಕೈಗೆ ಒಣಗಿಸಬೇಕಾದ ಬಟ್ಟೆಯ ರಾಶಿ ಕೊಟ್ಟು ಹೋಗುತ್ತಿದ್ದರು. ಮೂರು ತಿಂಗಳು ಹೀಗೇ ನಡೆಯಿತು. ಆ ವರ್ಷ ಡಿಸೆಂಬರಿನಲ್ಲಿ ಅವರ ಮನೆಯಿಂದ ಮೊದಲ ಕುಸ್ವಾರ್ ತಟ್ಟೆ ಬಂತು. ಕುಸ್ವಾರ್ ಎಂದರೆ ಅವರ ಕ್ರಿಸ್‌ಮಸ್ ತಿಂಡಿಗಳ ಒಟ್ಟು ಹೆಸರು: ನಮ್ಮ ಕರ್ಜಿಕಾಯಿಯ ತಂಗಿಯಂತಿರುವ ನೇವ್ರಿ, ಹುರಿದ ಅಕ್ಕಿಹಿಟ್ಟಿನ ಗುಳಿಯೊ, ತುಕ್ಡಿ, ಚಕ್ಕುಲಿ, ನಡುವೆ ಒಂದು ಕೇಕು. "ಮೊಟ್ಟೆ ಇಲ್ಲ, ಧೈರ್ಯದಲ್ಲಿ ತಿನ್ನಿ" ಎಂದಿದ್ದರು. ತಟ್ಟೆಯನ್ನು ಖಾಲಿ ಕೊಡಬಾರದೆಂದು ಸುಮಾ ಅದನ್ನು ಇಟ್ಟುಕೊಂಡು ಸಂಕ್ರಾಂತಿಗೆ ಎಳ್ಳು ಬೆಲ್ಲ ತುಂಬಿ ಕೊಟ್ಟಳು. ಅಲ್ಲಿಂದೀಚೆಗೆ ಆ ಸ್ಟೀಲ್ ತಟ್ಟೆ ಯಾರ ಮನೆಯದೆಂದು ಎರಡೂ ಮನೆಯವರಿಗೆ ಮರೆತುಹೋಗಿದೆ.

ಕಳೆದ ನವೆಂಬರಿನ ಕೊನೆಯಲ್ಲಿ ಸೆಲಿನ್ ಬಾಯಿ ಬಾಗಿಲಲ್ಲಿ ನಿಂತು ಸುದ್ದಿ ಹೇಳಿದರು. "ಜನವರಿಯಲ್ಲಿ ನಮ್ಮ ಇಕಾಮಾ ಖಲಾಸ್. ಇವರಿಗೂ ರಿಟೈರ್ ಆಯ್ತು. ಇನ್ನು ಊರಿಗೆ. ಈ ಸಲ ಬರುವ ಶುಕ್ರವಾರ ಸಾಲ್ಮಿಯಾದ ಹಾಲ್‌ನಲ್ಲಿ ಒಂದು ಮೇಜು ಇಡ್ತೇನೆ, ಕಡೇ ಸಲ. ಕೇಕಿಂದ ಚಕ್ಕುಲಿವರೆಗೆ ಎಲ್ಲ ಖರ್ಚಾಗಿ ಮೇಜು ಖಾಲಿ ಆಗ್ಬೇಕು, ಅದೊಂದು ಆಸೆ. ನೀವು ಬರ್ಬೇಕು, ಆಯ್ತಾ?" ಇಕಾಮಾ ಎಂದರೆ ಇಲ್ಲಿ ವಾಸಿಸಲು ಸರ್ಕಾರ ಕೊಡುವ ಪರವಾನಗಿ. ಸುಮಾ ಕಣ್ಣೊರೆಸಿಕೊಂಡಳು. ನಾನು ಏಸಿಯ ಫಿಲ್ಟರ್ ಪರೀಕ್ಷಿಸಲು ಒಳಗೆ ಹೋದೆ. ಗಂಡಸರು ಅಳಬೇಕಾದಾಗ ಏನಾದರೊಂದು ಉಪಕರಣ ಕೈಗೆ ಬೇಕು.

ಬರುತ್ತೇವೆ ಎಂದು ಮಾತು ಕೊಟ್ಟಾಯಿತು. ಎರಡು ದಿನದ ನಂತರ ನಮ್ಮ ಲೆಬನಾನಿನ ಮ್ಯಾನೇಜರು ನನ್ನ ಹೆಗಲ ಮೇಲೆ ಕೈಯಿಟ್ಟು, "ಯಾ ಮುಹಂದಿಸ್, ಫ್ರೈಡೇ ರುಮೈಥಿಯಾ ಕಮ್. ಮೈ ವೈಫ್, ಕ್ಯಾಂಡಲ್ ಟೇಬಲ್" ಎಂದರು. ಮುಹಂದಿಸ್ ಎಂದರೆ ಇಂಜಿನಿಯರ್. ಹೆಸರು ಮರೆತಾಗಲೂ ಪ್ರೀತಿ ಉಕ್ಕಿದಾಗಲೂ ಅವರು ಹಾಗೇ ಕರೆಯುವುದು. ಅದೇ ಶುಕ್ರವಾರ. ಅಷ್ಟರಲ್ಲಿ ನಿಧಿ, ಅಲ್-ರಾಯ್‌ನಲ್ಲಿ ದೊಡ್ಡ ಟೆಂಟ್ ಹಾಕಿ ಹಿಮ ಸುರಿಸುತ್ತಾರಂತೆ, ಕ್ಲಾಸಿನವರೆಲ್ಲ ಹೋಗುತ್ತಾರಂತೆ ಎಂದಳು. ಅದೂ ಅದೇ ಶುಕ್ರವಾರ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವುದು ನಮ್ಮ ಮಗಳ ಪದ್ಧತಿ: "ಅಪ್ಪಾ, ಪ್ಲೀಸ್, ಇಟ್ಸ್ ಓನ್ಲಿ ಒನ್ ಡೇ!"

ಸುಮಾಳ ಪ್ರಕಾರ ಇದರಲ್ಲಿ ಯೋಚಿಸುವುದಕ್ಕೇ ಏನೂ ಇರಲಿಲ್ಲ. "ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಸೆಲಿನ್ ಬಾಯಿ ಹತ್ರ ಇರೋಣ. ಆಮೇಲೆ ಉಳಿದದ್ದು ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ." ನಾನು ಲ್ಯಾಪ್‌ಟಾಪ್ ತೆರೆದು ಪಟ್ಟಿ ಮಾಡಿದೆ. ಒಂದು ಕಡೆ ದೂರ, ಒಂದು ಕಡೆ ಪಾರ್ಕಿಂಗ್, ಇನ್ನೊಂದು ಕಡೆ ಬೇಸರವಾಗುವ ಸಾಧ್ಯತೆ. ಮ್ಯಾನೇಜರಿಗೆ ಬೇಸರವಾದರೆ ಬಡ್ತಿಗೆ ಕುತ್ತು, ಮಗಳಿಗೆ ಬೇಸರವಾದರೆ ಮನೆಯ ಶಾಂತಿಗೆ ಕುತ್ತು. ಸೆಲಿನ್ ಬಾಯಿಗೆ? ಅವರು ಬೇಸರ ಮಾಡಿಕೊಂಡದ್ದನ್ನು ನಾನು ಕಂಡೇ ಇರಲಿಲ್ಲ. ಹೀಗಾಗಿ ಲೆಕ್ಕ ಸಲೀಸಾಗಿ ಹೊಂದಿತು: ಮೊದಲು ದೂರದ ಅಲ್-ರಾಯ್, ನಡುವೆ ರುಮೈಥಿಯಾ, ಕೊನೆಗೆ ಮನೆ ಪಕ್ಕದ ಸಾಲ್ಮಿಯಾ. "ಅವ್ರು ನಮ್ಮವರೇ ಕಣೇ, ಕಾಯ್ತಾರೆ" ಎಂದೆ. ಸುಮಾ ನನ್ನನ್ನೊಮ್ಮೆ ನೋಡಿದಳು. ಹಾಲು ಉಕ್ಕಿದ ಒಲೆಯನ್ನು ಅವಳು ನೋಡುವುದು ಹಾಗೇ.

ಆ ನೋಟಕ್ಕೆ ಪರಿಹಾರವಾಗಿ ನಾನೊಂದು ಉಪಕಾರ ಮಾಡಲು ಹೊರಟೆ. ಉಪಕಾರ ಮಾಡುವ ಹುಮ್ಮಸ್ಸು ಬಂದಾಗ ನನ್ನನ್ನು ಯಾರಾದರೂ ಕಟ್ಟಿಹಾಕಬೇಕು. ನಮ್ಮ ಕಡೆಯ ಸಸ್ಯಾಹಾರಿ ಕುಟುಂಬಗಳದೊಂದು ವಾಟ್ಸಾಪ್ ಗುಂಪಿದೆ. ಎಲ್ಲಿ ಒಳ್ಳೆಯ ಹುರಳಿಕಾಯಿ ಬಂದಿದೆ, ಯಾವ ಬಿಸ್ಕತ್ತಿನಲ್ಲಿ ಏನು ಬೆರೆಸಿದ್ದಾರೆ ಎಂಬ ಗಹನ ವಿಚಾರಗಳು ಅಲ್ಲಿ ಚರ್ಚೆಯಾಗುತ್ತವೆ. ಅದರಲ್ಲಿ ಹೀಗೆ ಬರೆದೆ: "ಮಿತ್ರರೇ, ನಮ್ಮ ಸೆಲಿನ್ ಬಾಯಿಯವರ ಕೊನೆಯ ಮೇಜು. ಕೇಕು ಶುದ್ಧ ಸಸ್ಯಾಹಾರಿ, ಮೊಟ್ಟೆ ಹಾಕುವುದೇ ಇಲ್ಲ. ಹದಿನಾಲ್ಕು ವರ್ಷದಿಂದ ತಿನ್ನುತ್ತಿದ್ದೇನೆ, ಗ್ಯಾರಂಟಿ ನನ್ನದು. ಎಲ್ಲರೂ ಬನ್ನಿ." ಕೆಳಗೆ ಕೈಮುಗಿದ ಚಿತ್ರ, ಮೂರು ಕ್ರಿಸ್‌ಮಸ್ ಮರ. ಸೆಲಿನ್ ಬಾಯಿಗೆ ಹೇಳಲಿಲ್ಲ. ಜನಸಾಗರ ನೋಡಿ ಅವರೇ ಬೆರಗಾಗಲಿ ಎಂದುಕೊಂಡೆ.

ಶುಕ್ರವಾರ ಅಲ್-ರಾಯ್‌ನ ಟೆಂಟಿನಲ್ಲಿ ಹಿಮ ಸುರಿಯಿತು. ಹಿಮವಲ್ಲ, ಸಾಬೂನಿನ ನೊರೆ. ಯಂತ್ರದ ಬ್ಲೋವರ್ ಉಲ್ಟಾ ಕೋನದಲ್ಲಿದೆ ಎಂದು ಅದನ್ನು ನಡೆಸುವವನಿಗೆ ಹೇಳಲು ಹೋಗಿ ಅರ್ಧ ಗಂಟೆ ಕಳೆದೆ, ಷರಟಿನ ತುಂಬ ನೊರೆ ಮಾಡಿಕೊಂಡೆ. ರುಮೈಥಿಯಾದಲ್ಲಿ ಮ್ಯಾನೇಜರ ಹೆಂಡತಿ ನಮ್ಮನ್ನು ಬಿಡಲೇ ಇಲ್ಲ. ಮೇಣದ ಬತ್ತಿ ತೋರಿಸಿ, ಖರ್ಜೂರದ ಬಿಸ್ಕತ್ತು ಕೊಟ್ಟು, ಕಾಫಿ ಕೊಟ್ಟು, ಇನ್ನೊಮ್ಮೆ ಕಾಫಿ ಕೊಟ್ಟು, ನಾವು ಎದ್ದಾಗಲೆಲ್ಲ ಕೂರಿಸಿದರು. ಪರದೇಶದಲ್ಲಿ ಪರದೇಶಿಗಳು ಪರದೇಶಿಗಳಿಗೆ ಮಾಡುವ ಉಪಚಾರಕ್ಕೆ ಸಾಟಿಯಿಲ್ಲ. ನಿಜಕ್ಕೂ ಮನಸ್ಸು ತುಂಬಿತು. ಆದರೆ ಸುಮಾ ಮಾತ್ರ ಗಡಿಯಾರವನ್ನೇ ನೋಡುತ್ತಿದ್ದಳು. ಐದಕ್ಕೆ ಮುಗಿಯುವ ಸಾಲ್ಮಿಯಾದ ಸಂತೆಗೆ ನಾವು ತಲುಪಿದಾಗ ನಾಲ್ಕಾಗಿತ್ತು.

ಹಾಲ್‌ನಲ್ಲಿ ಎಲ್ಲ ಮೇಜುಗಳ ಮುಂದೆ ನಾಲ್ಕಾರು ಜನ. ಸೆಲಿನ್ ಬಾಯಿಯ ಮೇಜಿನ ಮುಂದೆ ಮಾತ್ರ ಗೋಡೆಯಂತೆ ಜನ. ನನ್ನ ಎದೆ ಉಬ್ಬಿತು. ಹತ್ತಿರ ಹೋದರೆ ಎಲ್ಲ ನಮ್ಮ ಗುಂಪಿನವರೇ. ನೇವ್ರಿ, ಚಕ್ಕುಲಿ, ತುಕ್ಡಿ, ಗುಳಿಯೊ ಎಲ್ಲ ಖಾಲಿ. ಕೇಕುಗಳು ಮಾತ್ರ ಹದಿನೆಂಟೂ ಜೋಡಿಸಿದ ಹಾಗೇ ಕೂತಿದ್ದವು. ಬ್ಯಾಂಕಿನಲ್ಲಿರುವ ಶೇಷಾದ್ರಿ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಏನ್ರೀ ಇದು, ಗ್ಯಾರಂಟಿ ಅಂದ್ರಿ? ಇಲ್ಲಿ ನೋಡಿದ್ರೆ ಕೇಕಿಗೆಲ್ಲ ಮೊಟ್ಟೆ ಹಾಕಿದ್ದಾರಂತಲ್ರೀ!" ಎಂದರು.

"ಬಂದ್ರಾ ಇಂಜಿನಿಯರ್ರೆ? ನಿಮ್ಮನ್ನೇ ಕಾಯ್ತಾ ಇದ್ದೆ" ಎಂದರು ಸೆಲಿನ್ ಬಾಯಿ. ಮುಖ ಬಾಡಿತ್ತು, ಆದರೂ ನಗುತ್ತಿದ್ದರು. "ಮಧ್ಯಾಹ್ನದಿಂದ ಎಲ್ರೂ ಮೊಟ್ಟೆ ಹಾಕದ ಕೇಕ್ ಕೊಡಿ ಅಂತ ಕೇಳ್ತಾರೆ. ನಾನು ಎಲ್ಲಿಂದ ತರುವುದು? ಮೊಟ್ಟೆ ಹಾಕದ್ದು ಇರುವುದು ಒಂದೇ ಒಂದು. ಅದು ನಿಮ್ಮದು."

"ಹಾಗಾದ್ರೆ ಇವೆಲ್ಲ?"

"ಇದಕ್ಕೆಲ್ಲ ಮೊಟ್ಟೆ ಉಂಟಲ್ಲ. ಕ್ರಿಸ್‌ಮಸ್ ಕೇಕಿಗೆ ಮೊಟ್ಟೆ ಹಾಕದೆ ಮತ್ತೆಂತ ಹಾಕುವುದು?"

ಹದಿನಾಲ್ಕು ವರ್ಷ ನಮ್ಮ ಮನೆಗೆ ಬಂದ ಕೇಕಿನಲ್ಲಿ ಮೊಟ್ಟೆ ಇರಲಿಲ್ಲ. ಆದ್ದರಿಂದ ಸೆಲಿನ್ ಬಾಯಿ ಕೇಕಿಗೆ ಮೊಟ್ಟೆಯನ್ನೇ ಹಾಕುವುದಿಲ್ಲ ಎಂದು ನಾನು ನಂಬಿದ್ದೆ. ಲೋಕವೆಲ್ಲ ನಮ್ಮ ತಟ್ಟೆಯಲ್ಲಿರುವಂತೆಯೇ ಇದೆ ಎಂದುಕೊಳ್ಳುವುದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ, ಆದರೆ ನಾನು ಓದಿದ್ದೆ. ಪಕ್ಕದಲ್ಲಿ ಅವರ ಯಜಮಾನರು ವಿಕ್ಟರ್ ಸ್ಟೂಲಿನ ಮೇಲೆ ಕೂತಿದ್ದರು. ವರ್ಷಕ್ಕೆ ಹತ್ತು ಮಾತಾಡುವ ಮನುಷ್ಯ, ಅವತ್ತು ಒಮ್ಮೆಲೇ ಶುರು ಮಾಡಿದರು.

"ನಿಮ್ಮ ಒಂದು ಕೇಕಿಗೆ ಇವಳಿಗೆ ಒಂದು ಇಡೀ ದಿನ ಬೇಕು ಮಾರಾಯ್ರೆ. ಓವನ್ ತೊಳೆಯುವುದು, ಟ್ರೇ ಬೇರೆ, ಬೀಟರ್ ಬೇರೆ, ಚಮಚ ಸಹ ಬೇರೆ. ಎಲ್ಲ ಒಂದು ಚೀಲದಲ್ಲಿ ಕಟ್ಟಿ ನಿಮ್ಮ ಹೆಸರು ಬರೆದು ಮೇಲೆ ಇಟ್ಟಿದ್ದಾಳೆ. ಮೊದಲನೇ ವರ್ಷ ಐದು ಕೇಕ್ ಹಾಳು. ಒಂದು ಉಬ್ಬಲೇ ಇಲ್ಲ, ಒಂದು ಕತ್ತರಿಸಿದ್ರೆ ಪುಡಿ. ಎಲ್ಲ ತಿಂದದ್ದು ನಾನು. ಆರನೆಯದ್ದು ನಿಮ್ಮ ಮನೆಗೆ ಬಂದದ್ದು."

ಅದನ್ನು ಕೇಳುತ್ತ ನನಗೊಂದು ವಿಷಯ ನೆನಪಾಗಿ ನೆಲ ಬಾಯಿಬಿಡಬಾರದೇ ಅನ್ನಿಸಿತು. ಪ್ರತಿ ವರ್ಷ ಆ ಕೇಕು ತಿಂದು ನಾನು ಸೆಲಿನ್ ಬಾಯಿಗೆ ಸಲಹೆ ಕೊಡುತ್ತಿದ್ದೆ. ಒಂದು ವರ್ಷ "ಸ್ವಲ್ಪ ಒಣಗಿದೆ" ಎಂದೆ, ಇನ್ನೊಂದು ವರ್ಷ "ನಡುವೆ ತೇವ ಜಾಸ್ತಿ", ಮತ್ತೊಂದು ವರ್ಷ "ಅಂಗಡಿಯದರಷ್ಟು ಹಗುರಾಗಿಲ್ಲ". ಓವನ್ನಿನ ಗಾಳಿಯ ಹರಿವಿನ ಬಗ್ಗೆ ಒಮ್ಮೆ ಕಾಗದದ ಮೇಲೆ ಚಿತ್ರ ಬೇರೆ ಬರೆದುಕೊಟ್ಟಿದ್ದೆ. ಅವರು "ಹೌದಾ? ಬರುವ ವರ್ಷ ನೋಡುವ" ಎನ್ನುತ್ತಿದ್ದರು, ಅಷ್ಟೇ. ಸುಮಾಳಿಗೂ ಈ ಒಂದು ದಿನದ ಸಂಗತಿ ಗೊತ್ತಿರಲಿಲ್ಲ; ಅವಳು ಮೇಜಿನ ಆ ಕಡೆ ಹೋಗಿ ಸೆಲಿನ್ ಬಾಯಿಯ ಕೈ ಹಿಡಿದುಕೊಂಡು ನಿಂತುಬಿಟ್ಟಳು.

ಈ ಭಾವನೆಗಳಿಂದ ಹದಿನೆಂಟು ಕೇಕು ಖರ್ಚಾಗುವುದಿಲ್ಲವಲ್ಲ. ನಮ್ಮವರ ಗೋಡೆ ನೋಡಿ ಕೇಕು ಕೊಳ್ಳಬೇಕಾದ ಮಾಮೂಲಿ ಗಿರಾಕಿಗಳು ಎಲ್ಲ ಮುಗಿದಿದೆ ಎಂದುಕೊಂಡು ಬೇರೆ ಮೇಜುಗಳಿಗೆ ಹೋಗಿದ್ದರು. ಉಳಿದದ್ದು ಮುಕ್ಕಾಲು ಗಂಟೆ. ಖಾಲಿ ಮೇಜು ಬಿಟ್ಟು ಹೋಗಬೇಕೆಂದಿದ್ದವರ ಮೇಜನ್ನು ನನ್ನ ಉಪಕಾರ ತುಂಬಿಸಿಟ್ಟಿತ್ತು. ನಾನು ಮೊಬೈಲ್ ತೆಗೆದು ಏನು ಮಾಡಬಹುದೆಂದು ಪಟ್ಟಿ ಮಾಡತೊಡಗಿದೆ. ಸುಮಾ ಅದನ್ನು ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

"ಸೆಲಿನ್ ಬಾಯಿ, ನಮ್ಮ ಕೇಕು ಕತ್ತರಿಸಿ. ಬಂದವರಿಗೆಲ್ಲ ಒಂದೊಂದು ಚೂರು ಕೊಡೋಣ, ಯಾರೂ ಹಾಗೇ ಹೋಗೋದು ಬೇಡ. ರೀ, ನೀವು ಹೋಗಿ ಹಾಲ್ ಪೂರ್ತಿ ಕೇಳೋ ಹಾಗೆ ಹೇಳಿ, ಮೊಟ್ಟೆ ಹಾಕಿದ ಕೇಕಿದೆ ಅಂತ."

ಹೀಗೆ ಅಗ್ರಹಾರದ ವೆಂಕಟಸುಬ್ಬಯ್ಯನವರ ಮೊಮ್ಮಗನಾದ ನಾನು, ಷರಟಿನ ಮೇಲೆ ಒಣಗಿದ ನೊರೆಯ ಕಲೆ ಹೊತ್ತು, ಸಾಲ್ಮಿಯಾದ ಹಾಲ್‌ನಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತ "ಮೊಟ್ಟೆ ಹಾಕಿದ ಕೇಕು! ಸೆಲಿನ್ ಬಾಯಿಯ ಕೇಕು! ಮೊಟ್ಟೆ ಖಂಡಿತ ಇದೆ!" ಎಂದು ಕೂಗಿದೆ. ಕನ್ನಡದಲ್ಲಿ ಕೂಗಿದೆ, ಇಂಗ್ಲಿಷಿನಲ್ಲಿ ಕೂಗಿದೆ, ಕೆಲಸಗಾರರಿಂದ ಕಲಿತ ಹಿಂದಿಯಲ್ಲಿ "ಅಂಡಾ ಹೈ ಭಾಯಿ, ಪಕ್ಕಾ ಅಂಡಾ" ಎಂದೂ ಕೂಗಿದೆ. ನಿಧಿ ಹತ್ತು ಹೆಜ್ಜೆ ಹಿಂದೆ ಬರುತ್ತ "ಅಪ್ಪಾ, ದಿಸ್ ಈಸ್ ಸೋ ಎಂಬರಾಸಿಂಗ್" ಎನ್ನುತ್ತಿದ್ದಳು. ಆಮೇಲೆ ಅವಳಿಗೇ ಏನನ್ನಿಸಿತೋ, ಒಂದು ರಟ್ಟಿನ ತುಂಡಿನ ಮೇಲೆ ಮೊಟ್ಟೆಯ ಚಿತ್ರ ಬರೆದು ಎತ್ತಿ ಹಿಡಿದು ನನಗಿಂತ ಮುಂದೆ ನಡೆದಳು. ಜನ ನಕ್ಕರು, ನಕ್ಕವರು ಬಂದರು, ಬಂದವರು ಕೊಂಡರು. ಐದಕ್ಕೆ ಐದು ನಿಮಿಷವಿರುವಾಗ ಹದಿನೆಂಟನೆಯ ಕೇಕನ್ನು ಒಬ್ಬ ಫಿಲಿಪಿನೋ ನರ್ಸಮ್ಮ ತೆಗೆದುಕೊಂಡು ಸೆಲಿನ್ ಬಾಯಿಯನ್ನು ತಬ್ಬಿಕೊಂಡು ಹೋದರು.

ನಾನು ಮೇಜಿನ ಹತ್ತಿರ ವಾಪಸ್ ಬಂದಾಗ ಗಂಟಲು ಕಟ್ಟಿತ್ತು. ಮೇಜು ಖಾಲಿ. ನಮ್ಮ ಕೇಕಿದ್ದ ಟ್ರೇಯಲ್ಲಿ ಎರಡು ದ್ರಾಕ್ಷಿಯ ಗುರುತು ಮಾತ್ರ ಉಳಿದಿತ್ತು. ಶೇಷಾದ್ರಿಯವರು ಬಾಯಿ ಚಪ್ಪರಿಸುತ್ತ, ಇಂಥ ಕೇಕು ಜನ್ಮದಲ್ಲಿ ತಿಂದಿಲ್ಲ ಎಂದು ಯಾರಿಗೋ ಹೇಳುತ್ತಿದ್ದರು. ಸೆಲಿನ್ ಬಾಯಿ ಮೇಜಿನ ಬಟ್ಟೆ ಕೊಡವಿ ಮಡಚುತ್ತ ನನ್ನನ್ನು ನೋಡಿ, "ಹೇಗಾಗಿದೆ ಈ ವರ್ಷ? ಹೇಳ್ಲೇ ಇಲ್ಲ ನೀವು" ಎಂದರು.

"ತುಂಬಾ ಚೆನ್ನಾಗಿದೆ ಬಾಯಿ. ಒಂದು ಮಾತೂ ಹೇಳೋ ಹಾಗಿಲ್ಲ" ಎಂದೆ. ಇಷ್ಟು ವರ್ಷದ ಎಲ್ಲ ಕೇಕುಗಳಿಗೂ ಸೇರಿಸಿ ಹೇಳಿದೆ, ಮನಸಾರೆ ಹೇಳಿದೆ.

ಅವರು ಬಟ್ಟೆಯನ್ನು ಎದೆಗೊತ್ತಿಕೊಂಡು ನಗಲು ಶುರು ಮಾಡಿದರು. "ಅಲ್ಲ ಮಾರಾಯ್ರೆ, ಎಲ್ರಿಗೂ ತುಂಡು ಕೊಟ್ಟದ್ದು ನಾನೇ ಅಲ್ವಾ? ನಿಮಗೆ ಸಿಗ್ಲಿಲ್ಲ ಅಂತ ನನಗೆ ಗೊತ್ತಿಲ್ವಾ? ಹದಿನಾಲ್ಕು ವರ್ಷ ತಿಂದು ಹೇಳದ ಮಾತು ಇವತ್ತು ತಿನ್ನದೆ ಹೇಳಿದ್ರಲ್ಲ!"

ವಿಕ್ಟರ್ ಅವರ ಜೊತೆ ಮೇಜಿನ ಕಾಲು ಮಡಚಲು ಬಗ್ಗಿದೆ, ಹೀಗಲ್ಲ ಹೀಗೆ ಹಿಡಿಯಬೇಕು ಎಂದು ಅವರಿಗೆ ಸಲಹೆ ಕೊಟ್ಟೆ, ಬೆರಳು ಸಿಕ್ಕಿಸಿಕೊಂಡೆ.