ದೊರೆಸಾನಿಯ ಬಾಣಂತನ

ದೊರೆ ಮೊಟ್ಟೆಯಿಟ್ಟಿದ್ದು ತಮ್ಮ ಮಾನ ಕಳೆಯುವುದಕ್ಕೇ ಎಂದು ಸೋಮವಾರಪೇಟೆಯ ಏಲಕ್ಕಿ ವ್ಯಾಪಾರಿ ರೇವಣ್ಣನವರಿಗೆ ಆ ಬೆಳಿಗ್ಗೆ ಖಾತ್ರಿಯಾಯಿತು.

ಗಾಬರಿಯಾಗಬೇಡಿ, ದೊರೆ ಎಂದರೆ ಹಕ್ಕಿ. ತೋಟ ಮಾರಿ ತಮ್ಮ ಸೀಮೆಗೆ ಹೊರಟ ಬಿಳಿಯ ದೊರೆಯೊಬ್ಬರು ಪಂಜರ ಸಮೇತ ಕೊಟ್ಟುಹೋಗಿದ್ದ ಹಸಿರು ಬಡ್ಜಿ ಗಿಣಿ. ಮುಷ್ಟಿಯೊಳಗೆ ಅಡಗುವಷ್ಟು ಮೈ, ಮೂರು ಎಸ್ಟೇಟಿಗಾಗಿ ಮಿಗುವಷ್ಟು ಗತ್ತು. ಆ ಗತ್ತು ನೋಡಿಯೇ ಇದು ಗಂಡು ಎಂದು ತೀರ್ಪು ಕೊಟ್ಟು, ದೊರೆ ಎಂದು ನಾಮಕರಣ ಮಾಡಿದವರು ರೇವಣ್ಣನವರು. ಈಗ ನೋಡಿದರೆ ದೊರೆಗಳು ಪಂಜರದ ಮೂಲೆಯಲ್ಲಿ ಗೋಲಿಯಷ್ಟು ಬಿಳಿ ಮೊಟ್ಟೆಯೊಂದನ್ನು ಎದೆಯ ಕೆಳಗಿಟ್ಟುಕೊಂಡು ಕುಳಿತಿದ್ದರು.

ಮೊಟ್ಟೆ! ಅದೂ ಲಿಂಗಪೂಜೆಯಾಗದೆ ತೊಟ್ಟು ನೀರು ಗಂಟಲಿಗೆ ಇಳಿಯದ ಮನೆಯಲ್ಲಿ! ಬಂಗಲೆಯಿಂದ ಕ್ರಿಸ್‌ಮಸ್ಸಿಗೆ ಬಂದ ಕೇಕನ್ನು "ಅದರೊಳಗೆ ಅದು ಇರುತ್ತೆ" ಎಂದು ದಾರಿಯಲ್ಲೇ ಯಾರಿಗೋ ದಾನ ಮಾಡಿ, ಕೈ ತೊಳೆದು ಮನೆಗೆ ಬಂದವರು ರೇವಣ್ಣನವರು. ಪಕ್ಕದ ಮನೆಯ ಕೋಳಿ ಅಂಗಳಕ್ಕೆ ಕಾಲಿಟ್ಟರೆ ಸಗಣಿ ಹಾಕಿ ಸಾರಿಸುತ್ತಿದ್ದರು. (ಸಾರಿಸುತ್ತಿದ್ದವರು ಹೆಂಡತಿ, ಸಾರಿಸು ಎಂದು ಕೂಗುತ್ತಿದ್ದವರು ಇವರು.) ಆ ಪದಾರ್ಥದ ಹೆಸರನ್ನು ಅವರು ನಾಲಿಗೆಯ ಮೇಲೆ ತಂದದ್ದೇ ಇಲ್ಲ.

"ತೆಗೆದು ಹೊರಗೆ ಹಾಕೆ ಅದನ್ನ!" ಎಂದರು ಹೆಂಡತಿಗೆ.

"ನಿಮ್ ಹಕ್ಕಿ, ನೀವೇ ತೆಗೀರಿ," ಎಂದರು ಚನ್ನಬಸಮ್ಮ. "ಗಂಡ್ಯಾವ್ದು ಹೆಣ್ಯಾವ್ದು ಅಂತ ಗೊತ್ತಾಗ್ದೋರು ಏಲಕ್ಕಿ ಹೆಂಗೆ ಆರಿಸ್ತೀರೋ ಆ ಶಿವನೇ ಬಲ್ಲ."

"ಜೋಡಿ ಇಲ್ದೆ ಹೆಂಗಿಡ್ತು ಅಂತೀನಿ!"

"ನನ್ನ ಕೇಳಿ ಇಡ್ತಾ?"

ಆಗ ಮಡಿಕೇರಿಯಲ್ಲಿ ಇಬ್ಬರೇ ಮಂತ್ರಿಗಳು ಕುಳಿತು ಇಡೀ ಕೊಡಗು ರಾಜ್ಯವನ್ನು ಆಳುತ್ತಿದ್ದರು. ರೇವಣ್ಣನವರ ಮನೆಯನ್ನು ಆಳುತ್ತಿದ್ದವರೂ ಇಬ್ಬರೇ: ಹೆಂಡತಿ ಚನ್ನಬಸಮ್ಮ, ಅವರ ಮೇಲೆ ತಾಯಿ ಮಹಾದೇವಮ್ಮ. (ರೇವಣ್ಣನವರು ಬಡ ಪ್ರಜೆ.) ಜಗಳ ಕೇಳಿ ಮಹಾದೇವಮ್ಮ ಬಂದರು. ಕನ್ನಡಕ ಏರಿಸಿ ಪಂಜರದೊಳಗೆ ಬಹಳ ಹೊತ್ತು ನೋಡಿದರು.

"ಹೆತ್ತೋಳ ಮಗ್ಗುಲಿಂದ ಕೂಸು ಕೀಳಬಾರ್ದು. ಇರ್ಲಿ ಬಿಡು," ಎಂದರು.

ಅಲ್ಲಿಗೆ ಕಾನೂನು ಪಾಸಾಯಿತು. ದೊರೆ ದೊರೆಸಾನಿಯಾದಳು, ನಡುಮನೆ ಬಾಣಂತಿ ಕೋಣೆಯಾಯಿತು. ರೇವಣ್ಣನವರ ಉಣ್ಣೆಯ ಶಾಲು ಪಂಜರವೇರಿತು, ಪಕ್ಕಕ್ಕೊಂದು ಕೆಂಡದ ಅಗ್ಗಿಷ್ಟಿಕೆ ಬಂತು. ಸಾಸಿವೆ ಸಿಡಿದರೆ ಬಾಣಂತಿ ಬೆಚ್ಚುತ್ತಾಳೆಂದು ಅಡುಗೆಮನೆಯಲ್ಲಿ ಒಗ್ಗರಣೆ ನಿಂತುಹೋಯಿತು. ಒಗ್ಗರಣೆಯಿಲ್ಲದ ಸಾರನ್ನು ಮೂರು ದಿನ ಉಂಡ ರೇವಣ್ಣನವರು, ತಾವು ಹುಟ್ಟಿದಾಗಲೂ ಇಷ್ಟು ಉಪಚಾರ ನಡೆದಿರಲಾರದು ಎಂದು ಗೊಣಗಿದರು.

ಆದರೆ ದೊರೆಸಾನಿ ಉಣ್ಣಲಿಲ್ಲ. ಹಾಕಿದ ನವಣೆ ಹಾಕಿದಂತೆಯೇ ಇತ್ತು. ಬಾಣಂತಿಗೆ ಒಳ್ಳೆಯದೆಂದು ತಂದ ಸಬ್ಬಸಿಗೆ ಸೊಪ್ಪಿನ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಪುಕ್ಕ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ, ಮೊಟ್ಟೆಯ ಪಕ್ಕಕ್ಕೆ ವಾಲಿ ಕುಳಿತಳು. ಮಹಾದೇವಮ್ಮನವರೂ ಅಂದು ಊಟಕ್ಕೆ ಏಳಲಿಲ್ಲ.

ರೇವಣ್ಣನವರ ಗೊಣಗಾಟ ನಿಂತಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ಒಂದು ವರ್ಷ ಹೆಚ್ಚುಕಡಿಮೆ ಮಾತೇ ಆಡಿರಲಿಲ್ಲ. ಈ ಹಕ್ಕಿ ಬಂದು, ಅವರ ಬೆರಳ ಮೇಲೆ ಕೂತು ತಲೆ ಓರೆ ಮಾಡಿದ ದಿನವೇ ಅವರ ಬಾಯಲ್ಲಿ ಮತ್ತೆ ಮಾತು ಹುಟ್ಟಿದ್ದು. ಈಗ ಹಕ್ಕಿ ಹೋದರೆ ಅವ್ವ ಮತ್ತೆ ಗೋಡೆ ನೋಡುತ್ತಾ ಕೂತುಬಿಡುತ್ತಾರೆ. ಅದನ್ನು ನೆನೆದದ್ದೇ ತಡ, ರೇವಣ್ಣನವರು ಓಡಿ ಹೋಗಿ ದನದ ಆಸ್ಪತ್ರೆಯ ಕಾಂಪೌಂಡರ್ ಬೊಳ್ಳಪ್ಪನನ್ನು ಕರೆತಂದರು.

ಬೊಳ್ಳಪ್ಪ ಹಕ್ಕಿಯನ್ನು ಅಂಗೈಲಿಟ್ಟು ನೋಡಿದ. "ಮೂಗಿನ ಮೇಲೆ ಕಂದು ಬಣ್ಣ ಇದ್ರೆ ಹೆಣ್ಣು, ಇಷ್ಟೂ ಗೊತ್ತಿಲ್ವಾ ಸಾಹುಕಾರ್ರೆ? ಜೋಡಿ ಇಲ್ದಿದ್ರೂ ಇವು ಇಡ್ತಾವೆ. ಆ ಮೊಟ್ಟೆ ಮರಿಯಾಗೋದಲ್ಲ. ಆದ್ರೂ ತೆಗೀಬೇಡಿ, ತೆಗೆದ್ರೆ ಇನ್ನೊಂದಿಡ್ತದೆ." ಆಮೇಲೆ ರೇವಣ್ಣನವರನ್ನು ಗೇಟಿನ ಹತ್ತಿರ ಕರೆದು ದನಿ ತಗ್ಗಿಸಿದ. "ಮೈಲಿದ್ದ ಸುಣ್ಣ ಎಲ್ಲಾ ಅದಕ್ಕೇ ಹೋಗಿದೆ. ಒಂದು ಕೋಳಿಮೊಟ್ಟೆ ಗಟ್ಟಿಯಾಗಿ ಬೇಯ್ಸಿ, ಸಿಪ್ಪೆ ಪುಡಿ ಸಮೇತ ಚಿಟಿಕೆ ಚಿಟಿಕೆ ಕೊಡಿ. ನಾಳೆಯೊಳಗೆ ತಿನ್ನದಿದ್ರೆ ಕಷ್ಟ ಉಂಟು."

ರೇವಣ್ಣನವರು ಗೇಟು ಹಿಡಿದುಕೊಂಡರು.

"ಅವ್ವಂಗೆ ಗೊತ್ತಾದ್ರೆ ಈ ಮನೇಲಿ ನೀರು ಮುಟ್ಟಲ್ಲ ಕಣೆ," ಎಂದು ಹೆಂಡತಿಯ ಮುಂದೆ ಗೋಳಾಡಿದರು.

"ಹಕ್ಕಿ ಸತ್ರೆ ಮುಟ್ತಾರಾ?" ಎಂದರು ಚನ್ನಬಸಮ್ಮ. "ನಾಳೆ ಸಂತೆ. ಸುಮ್ನೆ ಹೋಗಿ ತಗಂಬನ್ನಿ."

ಸೋಮವಾರದ ಸಂತೆಯಲ್ಲಿ ಮೊಟ್ಟೆ ಮಾರುವ ಮುತ್ತಿಯ ಬುಟ್ಟಿಯ ಮುಂದೆ ಒಂದು ಕೊಡೆ ನಿಂತಿತು. ಮಳೆ ಇರಲಿಲ್ಲ. ಕೊಡೆಯ ಒಳಗಿನಿಂದ ಒಂದು ಬೆರಳು ಹೊರಬಂದು ತೋರಿಸಿತು.

"ಎಷ್ಟು ಬೇಕು ಸಾಹುಕಾರ್ರೆ?" ಎಂದು ಮುತ್ತಿ ಸಂತೆಗೆಲ್ಲ ಕೇಳುವ ಹಾಗೆ ಕೂಗಿದಳು. "ಒಂದಾ? ಒಂದ್ರಲ್ಲಿ ಯಾರಿಗೆ ಸಾಕಾಯ್ತದೆ? ಆರು ತಗಳಿ!"

ಒಂದನ್ನೇ ಕಿತ್ತುಕೊಂಡು ಕೈಯಲ್ಲಿದ್ದ ಏಲಕ್ಕಿಯ ಮಾದರಿ ಚೀಲಕ್ಕೆ ಇಳಿಬಿಟ್ಟು, ರೇವಣ್ಣನವರು ಮನೆಯ ದಾರಿ ಹಿಡಿದರು. ಆದರೆ ಏಲಕ್ಕಿ ವ್ಯಾಪಾರಿಗಳಿಗೆ ಒಂದು ಚಾಳಿ: ಎದುರಿಗೆ ಚೀಲ ಕಂಡರೆ ಕೇಳದೆ ಕೈಹಾಕಿ ಹಿಡಿ ತೆಗೆದು ನೋಡುವುದು. ಎದುರಿಗೆ ಸಿಕ್ಕ ಮಂಡಿಯ ಜಯಪ್ಪ, ಅವರದೇ ಮತದವರು, ಮಾತಾಡುತ್ತಲೇ ಕೈಹಾಕಿದರು. ಹೊರಗೆ ಬಂದದ್ದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ರೇವಣ್ಣ, ಈ ಸಾರಿ ನಿನ್ನ ಏಲಕ್ಕಿ ಭಾರೀ ದಪ್ಪ ಬಂದೈತಲ್ಲೋ!"

"ಅದು... ಹಕ್ಕಿಗೆ," ಎಂದರು ರೇವಣ್ಣನವರು.

"ಆಗ್ಲಿ ಆಗ್ಲಿ. ಎಲ್ರೂ ಹಂಗೇ ಹೇಳೋದು."

ಸುತ್ತ ಇದ್ದವರೆಲ್ಲ ನಕ್ಕರು. ನಲವತ್ತೈದು ವರ್ಷ ಕಾದುಕೊಂಡು ಬಂದ ಕೀರ್ತಿ ಸಂತೆಯ ಧೂಳಿನಲ್ಲಿ ಬಿತ್ತು. ರೇವಣ್ಣನವರು ಅದನ್ನು ಹೆಕ್ಕುವ ಗೋಜಿಗೆ ಹೋಗದೆ ಮೊಟ್ಟೆಯನ್ನು ಮಾತ್ರ ಹುಷಾರಾಗಿ ಇಸಿದುಕೊಂಡು ಮನೆಗೆ ಓಡಿದರು.

ಹಿತ್ತಲಿನ ಬಚ್ಚಲ ಒಲೆಗೆ ಪುಳ್ಳೆ ತುರುಕಿ, ಹಳೇ ಚೊಂಬಿನಲ್ಲಿ ನೀರಿಟ್ಟು, ಕಣ್ಣು ಮುಚ್ಚಿ ಅದನ್ನು ಒಳಗೆ ಬಿಟ್ಟರು. ನೀರು ಕುದಿಯತೊಡಗಿತು. ಹೊಗೆಗೆ ಕಣ್ಣಲ್ಲಿ ನೀರು ಬಂತು. ಸಾಕು ಎನ್ನಿಸಿ ಇಕ್ಕಳಕ್ಕೆ ಕೈಹಾಕಿದರು.

"ಈಗ್ಲೇ ತೆಗೀಬ್ಯಾಡ. ಒಳಗಿನ ಹಳದಿ ಗಟ್ಟಿಯಾಗಿರಲ್ಲ."

ರೇವಣ್ಣನವರು ತಿರುಗಿದರು. ಬಚ್ಚಲ ಬಾಗಿಲಲ್ಲಿ ಅವ್ವ! ಅವರ ಹಿಂದೆ ಸೆರಗು ಬಾಯಿಗಿಟ್ಟುಕೊಂಡ ಚನ್ನಬಸಮ್ಮ.

"ಅವ್ವ, ಶಿವನಾಣೆ, ಇದು ನಂಗಲ್ಲ..."

"ಗೊತ್ತು ಕಣಪ್ಪ," ಎಂದು ಮಹಾದೇವಮ್ಮ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಉರಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು.

ರೇವಣ್ಣನವರಿಗೆ ಆಗ ಹೊಳೆಯಿತು. "ಅದ್ರೊಳಗೆ ಹಳದಿ ಗಟ್ಟಿಯಾಗೋದು... ನಿಂಗೆ ಹೆಂಗೆ ಗೊತ್ತವ್ವ?"

ಮಹಾದೇವಮ್ಮ ಚೊಂಬನ್ನೇ ನೋಡುತ್ತಾ ಹೇಳಿದರು. "ನಿಂಗಾಗ ಎರಡು ವರ್ಷ. ಚಳಿಜ್ವರ ಬಂದು ಕಾಲು ಕಡ್ಡಿಯಾಗಿ, ಬಂದಿದ್ದ ನಡಿಗೇನೂ ಮರ್ತಿದ್ದೆ. ಮಗು ಉಳೀಬೇಕಾದ್ರೆ ದಿನಾ ಒಂದು ಕೊಡಮ್ಮ ಅಂದ್ರು ಡಾಕ್ಟ್ರು. ನಿಮ್ಮಪ್ಪ ನಿನಗಿಂತ ನೇಮಸ್ಥರು. ನಾನು ಇಲ್ಲೇ ಕೂತು ಬೇಯಿಸಿ, ಹಾಲಲ್ಲಿ ಕಿವುಚಿ, ನಲವತ್ತು ದಿನ ಕೊಟ್ಟೆ. ಶಿವ ಕೇಳ್ದಾಗ ಹೇಳ್ಕಂಡ್ರಾಯ್ತು ಅನ್ಕಂಡೆ. ನಿಮ್ಮಪ್ಪ ಕೇಳಿದ್ರೇ ಕಷ್ಟ ಆಗ್ತಿತ್ತು."

ಚನ್ನಬಸಮ್ಮನವರ ಸೆರಗಿನೊಳಗಿಂದ ಕಿಸಕ್ಕೆಂದು ನಗು ಹೊರಬಿತ್ತು. ರೇವಣ್ಣನವರಿಗೆ ನಾಚಿಕೆಯಾಯಿತು. ಅದು ಕಳೆದ ಮೇಲೆ, ಇಷ್ಟು ವರ್ಷ ಈ ಮಾತನ್ನು ಒಬ್ಬರೇ ಹೊತ್ತುಕೊಂಡಿದ್ದ ಅವ್ವನ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು.

ಮಹಾದೇವಮ್ಮ ಮೊಟ್ಟೆಯನ್ನು ತಣ್ಣೀರಿಗೆ ಹಾಕಿ, ಒಂದೇ ಸುತ್ತಿನಲ್ಲಿ ಸಿಪ್ಪೆ ಬಿಡಿಸಿದರು. ಕೈ ಏನನ್ನೂ ಮರೆತಿರಲಿಲ್ಲ. ನಡುಮನೆಗೆ ಬಂದು, ಹಳದಿಯನ್ನು ಸಿಪ್ಪೆಯ ಪುಡಿಯೊಂದಿಗೆ ಬೆರಳ ತುದಿಗೆ ತೆಗೆದುಕೊಂಡು ಪಂಜರದೊಳಗೆ ಹಿಡಿದರು. ದೊರೆಸಾನಿ ಕಣ್ಣು ಬಿಡಲಿಲ್ಲ. ಮೂವರೂ ಉಸಿರು ಹಿಡಿದು ಕುಳಿತರು. "ತಿನ್ನವ್ವ, ಒಂದೇ ಒಂದು ತುತ್ತು," ಎಂದರು ಮಹಾದೇವಮ್ಮ. ಬಹಳ ಹೊತ್ತಿನ ಮೇಲೆ ಹಕ್ಕಿ ಒಂದು ಕಣ್ಣು ತೆರೆದು, ಬೆರಳನ್ನೊಮ್ಮೆ ನೋಡಿ, ಕೊಕ್ಕು ಚಾಚಿತು. ಒಂದು ಸಲ ಕುಟುಕಿತು. ಮತ್ತೊಂದು ಸಲ ಕುಟುಕಿತು.

ಮಹಾದೇವಮ್ಮನವರ ಕನ್ನಡಕ ಮಂಜಾಯಿತು. ರೇವಣ್ಣನವರು ಪಕ್ಕದಲ್ಲಿ ಕೂತು, ತಮಗರಿವಿಲ್ಲದೆ ಬಾಯಿ ತೆರೆದುಕೊಂಡು ಅವ್ವನ ಬೆರಳನ್ನೇ ನೋಡುತ್ತಿದ್ದರು.

"ಬಾಯಿ ಮುಚ್ಚಪ್ಪ," ಎಂದರು ಮಹಾದೇವಮ್ಮ. "ಈ ಸಾರಿ ಇದು ಹಕ್ಕಿಗೆ."